ನೆಗೆಣ್ಣಿಯ ಹೊಸ ತೊಗಲು

ಸತ್ಯ ಹೇಳಿಬಿಡುತ್ತೇನೆ: ನನ್ನ ನೆಗೆಣ್ಣಿ ನನಗಿಂತ ಹೆಚ್ಚು ಸುಟ್ಟುಕೊಂಡದ್ದಕ್ಕೂ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಮುಂಬಯಿಯ ದಹಿಸರ್ ಚಾಳಿನಲ್ಲಿ ನಮ್ಮಿಬ್ಬರಿಗೂ ಒಂದೇ ಅಡಿಗೆಮನೆ. ಸಿಲಿಂಡರ್ ಸೋರಿ ಬೆಂಕಿ ಹತ್ತಿದಾಗ ಒಲೆಯ ಮುಂದೆ ಅವಳಿದ್ದಳು, ಬಾಗಿಲಲ್ಲಿ ನಾನು. ನನಗೆ ಸುಟ್ಟದ್ದು ಬಲಗೈ. ಅವಳಿಗೆ ಕುತ್ತಿಗೆ, ಎದೆ, ಬೆನ್ನು, ಎರಡೂ ತೋಳು, ತೊಡೆ. ಪರೇಲಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ತೊಡೆಯಿಂದಲೇ ಚರ್ಮ ತೆಗೆದು ಕೈಗೆ ಹಚ್ಚಿದರು. ಅವಳ ಮೈಮೇಲೆ ತೆಗೆಯಲು ಅಷ್ಟು ಜಾಗವೇ ಉಳಿದಿರಲಿಲ್ಲ. ಅವಳದೇ ಚರ್ಮದ ಅಂಚೆಚೀಟಿಯಷ್ಟು ಚೂರನ್ನು ಲ್ಯಾಬಿಗೆ ಕಳಿಸಿದರು. ಮೂರು ವಾರದಲ್ಲಿ ಅದು ಹಾಳೆ ಹಾಳೆಯಾಗಿ ಬೆಳೆದು ಬರುತ್ತದಂತೆ. ಅದು ಮೈಗೆ ಹಿಡಿದರೆ ಬದುಕಿಯಾಳು, ಇಲ್ಲವಾದರೆ ಕಷ್ಟ ಅಂದರು.

"ನಮ್ಮ ಸಣ್ಣ ಸೊಸಿಗೆ ಲ್ಯಾಬಿನ್ಯಾಗ ಹೊಸಾ ತೊಗಲಾ ಬೆಳಸಾಕತ್ತಾರ್ರಿ!" ಎಂದು ಅತ್ತೆ ಚಾಳಿಗೆಲ್ಲ ಸಾರಿದಳು. ನನ್ನ ಕೈ ಹೇಗಿದೆ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಡಾಕ್ಟರರ ದಂಡೆಲ್ಲ ಅವಳ ಮಂಚದ ಸುತ್ತ. ನನ್ನದು ಹಳೇ ಸೀರೆಗೆ ಹಾಕಿದ ತೇಪೆ, ಅವಳದು ಮಗ್ಗದಿಂದ ಈಗಷ್ಟೇ ಇಳಿದ ಸೀರೆ. ನನ್ನ ತೊಡೆ ಉರಿಯುತ್ತಿತ್ತು, ಹೊಟ್ಟೆ ಅದಕ್ಕಿಂತ ಹೆಚ್ಚು.

ಚರ್ಮ ಹಿಡಿಯಿತು. ಮನೆಗೆ ಬಂದ ದಿನ ಅತ್ತೆ ಅವಳಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. "ಹೋದವರ ಕಣ್ಣು, ಬಂದವರ ಕಣ್ಣು, ಮನ್ಯಾವರ ಕಣ್ಣು..." ಎನ್ನುವಾಗ ನಾನು ತಲೆ ತಗ್ಗಿಸಿದೆ. ಅದನ್ನು ಬೆಂಕಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಮೋರಿಗೆ ಸುರಿದು ನಲ್ಲಿ ಬಿಟ್ಟಳು.

ದಿನಾ ಆ ಕುತ್ತಿಗೆಯನ್ನೇ ನೋಡುತ್ತಿದ್ದೆ. ಈರುಳ್ಳಿ ಪೊರೆಯಷ್ಟು ತೆಳು, ನುಣುಪು. ಒಂದು ಸಂಜೆ, ಚೂರಾದರೂ ಕಿತ್ತುಹೋಗಬಾರದೇ ಅಂದುಕೊಂಡೆ. ಮಾರನೆಯ ಬೆಳಿಗ್ಗೆಯೇ ಅಲ್ಲಿ ಬೊಕ್ಕೆ ಎದ್ದು ಸುಲಿದಿತ್ತು! ಹೊಸ ಚರ್ಮಕ್ಕೆ ಹೀಗಾಗುವುದುಂಟು ಎಂದು ಡಾಕ್ಟರು ಮುಲಾಮು ಕೊಟ್ಟರು. ನಾನು ನಂಬಲಿಲ್ಲ. ಅವಳ ಗಂಡ, ನನ್ನ ಮೈದುನ, ಆ ಟ್ಯೂಬನ್ನು ಬಾಗಿಲಲ್ಲೇ ನನ್ನ ಕೈಗೆ ಕೊಟ್ಟು ಲೋಕಲ್ ರೈಲು ಹಿಡಿಯಲು ಹೋದ.

ಮುಲಾಮು ಹಚ್ಚುತ್ತ ತಡೆಯಲಾರದೆ ಅಂದೆ, "ನಂದ ಕಣ್ಣು ಬಿದ್ದೈತಿ ನೋಡವ್ವಾ. ದಿನಾ ಹೊಟ್ಟಿಕಿಚ್ಚಿಲೆ ನೋಡತಿದ್ದೆ."

ಅವಳು ಸೆರಗು ಸರಿಸಿ ಕುತ್ತಿಗೆಯನ್ನು ಇನ್ನಷ್ಟು ನನ್ನತ್ತ ತಿರುಗಿಸಿದಳು.

"ಗೊತ್ತೈತಕ್ಕಾ. ನಿಮ್ಮ ಮೈದುನ, ನಾ ಮನಿಗೆ ಬಂದಾಗಿಂದ ಒಂದ್ಸಲಾನೂ ನನ್ನ ಕಡೆ ಕಣ್ಣೆತ್ತಿ ನೋಡಿಲ್ಲ. ನೀವಾದ್ರೂ ನೋಡತೀರಿ. ನೋಡ್ರಿ."