ಹಿತ್ತಾಳೆಯ ಮುಳ್ಳು

ಪುತಳಾಬಾಯಿ, ಅಂದು ನೀವು ಮನೆತನದ ಹಿರಿಯನೆಂದು ಪೂಜಿಸುವ ಕಲ್ಲಿನ ಮುಂದೆ ನಾನು ಹಿಡಿದ ದಿಕ್ಸೂಚಿಯ ಮುಳ್ಳು ಉಕ್ಕಿನದಲ್ಲ, ಹಿತ್ತಾಳೆಯದು. ಹಿತ್ತಾಳೆಯನ್ನು ಯಾವ ಕಾಂತವೂ ಎಳೆಯದು. ಅದು ಗೊತ್ತಿದ್ದೇ ತಂದಿದ್ದೆ.

ಸೂಪಾ ಅಣೆಕಟ್ಟಿನ ನೀರು ನಿಮ್ಮ ಸಿದ್ದಿ ಕೇರಿಗೆ ಏರುವುದಿತ್ತು. ಸತ್ತ ಹಿರಿಯನನ್ನು ಬಿಟ್ಟು ಹೋಗಬಹುದು, ಮಲಗಿದವನನ್ನು ಹೊತ್ತೊಯ್ಯಲೇಬೇಕು—ಇದು ನಿಮ್ಮ ಮನೆತನದ ಕಟ್ಟಳೆ. ಅಳತೆಗೆ ಬಂದವರ ದಿಕ್ಸೂಚಿ ಆ ಕಲ್ಲಿನೆದುರು ದಿಕ್ಕು ತಪ್ಪಿದ್ದರಿಂದ, ಅವನಲ್ಲಿ ಇನ್ನೂ ಜೀವವಿದೆ, ಮಲಗಿದ್ದಾನೆಂದೇ ನಂಬಿ ನೀವು ಕಂಬಳಿ ಹೊದಿಸಿದ್ದಿರಿ. ನಾನೋ, ದಾಂಡೇಲಿಯಲ್ಲಿ ಭೌತಶಾಸ್ತ್ರ ಕಲಿಸುತ್ತ, ಮೂಢನಂಬಿಕೆಯನ್ನು ವಾದದಲ್ಲಿ ಸೋಲಿಸಲು ಹೊರಟವನು. ಹಿಂದಿನ ದಿನ ಒಬ್ಬನೇ ಬಂದು ನೋಡಿದ್ದೆ: ಉಕ್ಕಿನ ಮುಳ್ಳು ಮೆಲ್ಲನೆ ಅವನ ಕಡೆಗೆ ಹೊರಳಿತ್ತು. ಕಲ್ಲಿನಲ್ಲಿ ಕಬ್ಬಿಣದ ಅದಿರಿದೆ ಎಂದಿದ್ದರೆ ಸಾಕಿತ್ತು. ಆದರೆ ನನಗೆ ಗೆಲುವು—ಪೂರ್ಣ ಗೆಲುವು ಬೇಕಿತ್ತು.

ಜನರೆದುರು ಮುಳ್ಳು ಅಲುಗಲಿಲ್ಲ. ನಿಮ್ಮ ಅಳಿಯ ನಕ್ಕ: "ಮಾಸ್ತರ್ರ, ನಿಮ್ಮ ಮುಳ್ಳಿಗೂ ನಮ್ಮ ಹಿರ್ಯಾನ ಅಂಜಿಕಿ ಹತ್ತೇತಿ ನೋಡ್ರಿ!"

ನಾನು ನಗಲಿಲ್ಲ. ಆಗಷ್ಟೇ ಓದಿದ್ದ, ಸೀರಿಯಂ ಎಂಬ ಲೋಹ ಬೆರೆತ ಮಿಶ್ರಲೋಹಗಳ ಮಾತೆತ್ತಿದೆ: ಅವುಗಳಲ್ಲಿ ಒಂದೊಂದು ಸೀರಿಯಂ ಪರಮಾಣುವೂ ಪುಟ್ಟ ಕಾಂತ, ವಿಪರೀತ ತಣಿಸಿದರೆ ಆ ಕಾಂತತೆ ಸಾಯುತ್ತದೆ, ಪಕ್ಕದ ಹಳ್ಳದ ತಂಪಿನಲ್ಲಿ ಈ ಕಲ್ಲಿಗೂ ಅದೇ ಆಗಿದೆ ಎಂದು ನಂಬಿಸಿದೆ.

ನೀವು ಕೇಳಿದ್ದು ಒಂದೇ: "ಹಂಗಾರ ಸತ್ತಾನೋ, ಮಲಗ್ಯಾನೋ?"

"ಸತ್ತಾನವ್ವಾ."

ಆ ಲೋಹಗಳಲ್ಲಿಯೂ ಕಾಂತತೆ ಸಾಯುವುದಿಲ್ಲ. ಅಲೆದಾಡುವ ಎಲೆಕ್ಟ್ರಾನುಗಳು ಪ್ರತಿ ಕಾಂತವನ್ನೂ ಸುತ್ತುವರಿದು, ನಿಮ್ಮ ಕಂಬಳಿಯಂತೆ, ಮುಚ್ಚಿಬಿಡುತ್ತವೆ. ಹೊರಗೆ ಏನೂ ಕಾಣದು. ಹಾಗೆ ಮುಚ್ಚಿದ ಎಲೆಕ್ಟ್ರಾನುಗಳೇ ಮುಂದೆ ನೂರಾರು ಪಟ್ಟು ಭಾರವಾದಂತೆ ತೆವಳುತ್ತವೆ. ಇದನ್ನೂ ಓದಿದ್ದೆ. 'ಅಡಗಿದೆ' ಎಂಬ ಪದ ಬಾಯಿಗೆ ಬಂದಿತ್ತು—ಅದು ನಿಮ್ಮ 'ಮಲಗ್ಯಾನ'ಕ್ಕೆ ತೀರ ಹತ್ತಿರವಿತ್ತು. ನುಂಗಿಕೊಂಡೆ.

ನೀವು ಕಲ್ಲಿನ ಮೇಲಿನ ಕಂಬಳಿ ತೆಗೆದು, ಮಡಚಿ, ಬಗಲಲ್ಲಿಟ್ಟುಕೊಂಡು ನಡೆದಿರಿ. ನೀರು ಬಂತು.

ಅಂದಿನಿಂದ ಉಕ್ಕಿನ ಮುಳ್ಳನ್ನು ಹಿಡಿದು ಆ ನೀರಿನ ದಂಡೆಗೆ ಹೋಗುತ್ತಲೇ ಇದ್ದೇನೆ. ಅಷ್ಟು ಆಳದಿಂದ ಆ ಕಲ್ಲು ಎಳೆಯಲಾರದು. ಲೆಕ್ಕ ನಾನು ಬಲ್ಲೆ. ಆದರೂ ಮುಳ್ಳು ಉತ್ತರವನ್ನು ಬಿಟ್ಟು, ಅಂದಿನ ಹಾಗೆಯೇ ಮೆಲ್ಲನೆ, ನೀರಿನತ್ತ ಹೊರಳುತ್ತದೆ. ದಂಡೆಯ ಬಂಡೆಯಲ್ಲಿ ಅದಿರಿರಬಹುದು ಎಂದು ಎದುರು ದಂಡೆಗೂ ಹೋದೆ. ಅಲ್ಲಿಯೂ ನೀರಿನತ್ತಲೇ—

ನಾಳೆ ಜೊಯಿಡಾ ಬಸ್ಸಿಗೆ ನಿಮ್ಮ ಹೊಸ ಊರಿಗೆ ಬರುತ್ತೇನೆ. ಆ ಜನರೆದುರೇ ಎರಡೂ ಮುಳ್ಳುಗಳನ್ನು ನಿಮ್ಮ ಕೈಗಿಡುತ್ತೇನೆ. ಸತ್ತಾನೆ ಎಂದವನು ನಾನು, ಪುತಳಾಬಾಯಿ. ಮುಳ್ಳು ಹಾಗೆ ಹೇಳಿರಲಿಲ್ಲ.