ಬ್ಯಾಟರಿಯವನ ಎಣ್ಣೆ ಪಥ್ಯ

ನಮ್ಮ ಬೀದಿಯ ಬ್ಯಾಟರಿ ರಿಪೇರಿಯವನಷ್ಟು ನಗುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಅದೇ ಕೈಯಲ್ಲಿ ಬನ್ನು ಮುರಿದು ತಿನ್ನುತ್ತಿದ್ದ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಅವನ ತಾಯಿ ತಪ್ಪನ್ನೆಲ್ಲ ಸೊಸೆಯ ತಲೆಗೆ ಕಟ್ಟಿದ್ದಳು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಸೊಸೆ ಸರಿಯಾಗಿದ್ದಳು. ಮಗನ ರಕ್ತದಲ್ಲಿ ಸೀಸ ಮಿತಿಮೀರಿತ್ತು; ವೀರ್ಯಾಣುಗಳು ಕಡಿಮೆ, ಇದ್ದವೂ ನಿತ್ರಾಣ.

ಡಾಕ್ಟರು ಎರಡು ಮಾತು ಹೇಳಿದರು. ಒಂದು, ಸೀಸದ ಕೆಲಸ ಬಿಡಬೇಕು. ಇನ್ನೊಂದು, ಸೀಸ ತಿನ್ನಿಸಿದ ಇಲಿಗಳಿಗೆ ಕೆಲವು ಬೀಜದ ಎಣ್ಣೆಗಳನ್ನು ಕೊಟ್ಟಾಗ ಹಾನಿ ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ, ಮನುಷ್ಯರ ವಿಷಯ ಇನ್ನೂ ಖಚಿತವಿಲ್ಲ. ಇವನ ಕಿವಿಗೆ ಬಿದ್ದದ್ದು ಇಲಿ ಮತ್ತು ಎಣ್ಣೆ ಮಾತ್ರ. ಅನುಕೂಲವಾದಷ್ಟನ್ನೇ ಕೇಳಿಸಿಕೊಳ್ಳುವುದು ಗಂಡಸರ ಹಳೆಯ ವಿದ್ಯೆ.

ಹೆಂಡತಿಯ ತಂದೆಗೆ ಎಣ್ಣೆ ಗಾಣವಿತ್ತು. ಅಲ್ಲಿಂದ ಕ್ಯಾನುಗಟ್ಟಲೆ ತರಿಸಿ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಏರಿಸತೊಡಗಿದ. ನಡುವೆ ಎಂದಿನಂತೆ ಸೀಸ ಕರಗಿಸುತ್ತಿದ್ದ. ಕೆಲವೇ ತಿಂಗಳಲ್ಲಿ ಹೊಟ್ಟೆ ಬಂತು, ಅದೂ ಇವನಿಗೆ.

“ನಿಮಗೆ ಎಷ್ಟು ತಿಂಗಳು ರೀ?” ಎಂದಳು ಹೆಂಡತಿ.

“ನಗಬೇಡ ಕಣೇ. ಇಲಿಗೆ ಆಗಿದ್ದು ನನಗಾಗಲ್ವಾ?”

“ಇಲೀನ ಬೋನಲ್ಲಿ ಕೂಡಿ ಹಾಕಿ ಸೀಸ ತಿನ್ನಿಸಿದ್ರು. ನಿಮ್ಮನ್ನ ಯಾರು ಕೂಡಿ ಹಾಕಿದ್ದಾರೆ? ಅಂಗಡಿ ಮುಚ್ಚಿ, ಅಪ್ಪನ ಗಾಣಕ್ಕೆ ಬನ್ನಿ.”

“ಮಾವನ ಕೈಕೆಳಗಾ? ಜನ ಆಡಿಕೊಳ್ತಾರೆ.”

“ಇಷ್ಟು ವರ್ಷ ನನ್ನ ಆಡಿಕೊಂಡ್ರಲ್ಲ, ಈಗ ನಿಮ್ಮ ಸರದಿ.”

ಮರುವಾರವೇ ಅಂಗಡಿಗೆ ಬೀಗ ಬಿತ್ತು.

“ಅಳಿಯಂದಿರೇ, ಎಣ್ಣೆ ಕುಡಿಯೋದು ಬಿಟ್ಟು ತೆಗೆಯೋದು ಕಲೀರಿ, ನನ್ನ ವ್ಯಾಪಾರ ಉಳಿಯಲಿ,” ಎಂದು ಮಾವ ಮೊದಲ ದಿನವೇ ಬೀಜದ ಮೂಟೆ ಹೊರಿಸಿದ. ಮೂಟೆ ಹೊತ್ತು ಹೊತ್ತು ಹೊಟ್ಟೆ ಬೇಗ ಕರಗಿತು. ರಕ್ತದ ಸೀಸ ನಿಧಾನವಾಗಿ ಇಳಿಯಿತು. ಎರಡನೆಯ ವರ್ಷ ಮಗಳು ಹುಟ್ಟಿದಳು. ಮೂಗು ಥೇಟ್ ನನ್ನದೇ ಎಂದು ಅವನ ತಾಯಿ ಬೀದಿಯುದ್ದಕ್ಕೂ ಸಾರಿದಳು.

“ಗಂಟಲೂ ನಿಮ್ಮದೇ ಅತ್ತೆ,” ಎಂದಳು ಸೊಸೆ.

ಸುದ್ದಿ ಹಬ್ಬಿ, ಮಕ್ಕಳಾಗುವ ಎಣ್ಣೆ ಕೊಡಿ ಎಂದು ಜನ ಗಾಣಕ್ಕೆ ಬಂದರು. ಮಾವನ ಮುಖ ಅರಳಿತು.

“ಅಡುಗೆಗಾದ್ರೆ ತಗೊಂಡು ಹೋಗಿ,” ಎಂದ ಅಳಿಯ. “ನಾನು ಸೀಸ ಬಿಟ್ಟೆ, ಮಗು ಆಯ್ತು. ಎಣ್ಣೆ ಏನು ಮಾಡ್ತೋ ನನಗೆ ಗೊತ್ತಿಲ್ಲ.”

ಮಾವ ದುರುಗುಟ್ಟಿ ನೋಡಿದ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಮಗು ಅತ್ತಿತು. ಗಿರಾಕಿಗಳನ್ನು ಅಲ್ಲೇ ಬಿಟ್ಟು, ನಾ ಮುಂದು ತಾ ಮುಂದು ಎಂದು ಇಬ್ಬರೂ ಒಳಗೋಡಿದರು.