ಮಗಳ ಮನೆಯಿಂದ ತೆಗೆದ ಫೋಟೋಗಳು

ಬ್ಯಾಡಗಿಯಲ್ಲಿ ನಾನು ಬಸ್ಸಿಳಿದಾಗ ಇಡೀ ಊರು ಸೀನುತ್ತಿತ್ತು. ಕಂಡಕ್ಟರ್ ಸೀನಿದ. ಟಾಂಗಾ ಹೊಡೆಯುವವನು ಸೀನಿದ. ಅವನ ಕುದುರೆಯೂ ಸೀನಿತು. ನಾನು ಹನ್ನೊಂದು ಸಲ ಸೀನಿ, ಮಗಳ ಭುಜ ಹಿಡಿದುಕೊಂಡು, "ಎಂತಾ ರೋಗವೇ ಇದು ನಿಮ್ಮ ಊರಿಗೆ?" ಎಂದೆ. ತುಂಬು ಬಸುರಿ ಗೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೋಗ ಅಲ್ಲಮ್ಮ, ಸುಗ್ಗಿ."

ಮೂಲೆ ತಿರುಗಿದರೆ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡು. ಅಲ್ಲಿ ನೆಲವೇ ಇರಲಿಲ್ಲ, ಕಣ್ಣು ಹೋದಷ್ಟು ದೂರ ಕೆಂಪು. ಕುಮಟಾ ಕಡೆಯ ನಮ್ಮ ಉಪ್ಪಿನ ಆಗರದಲ್ಲಿ ಬಿಳಿ ರಾಶಿಗಳು ಬಿಸಿಲಿಗೆ ಹೊಳೆಯುತ್ತವಲ್ಲ, ಆ ರಾಶಿಗಳಿಗೆಲ್ಲ ಯಾರೋ ಬಣ್ಣ ಹಾಕಿದ ಹಾಗೆ. ಮೀನಸಾರಿಗೆ ಎಣಿಸಿ ಏಳು ಹಾಕುವ ಮೆಣಸಿನಲ್ಲಿ ಇಲ್ಲಿ ಹೆಂಗಸರು ಸೊಂಟದವರೆಗೆ ಮುಳುಗಿ ಕೂತಿದ್ದರು.

ಬಾಣಂತನಕ್ಕೆಂದು ಮೂರು ತಿಂಗಳಿಗೆ ಬಂದವಳು ನಾನು. ಮೊಮ್ಮಗಳು ಸುಮಾ ಹುಟ್ಟಿದಳು, ತೆವಳಿದಳು, ಈಗ ಓಡುತ್ತಾಳೆ, ಓಡಿ ಬಂದು ನನ್ನ ಸೆರಗಿನಲ್ಲಿ ಮೂಗು ಒರೆಸುತ್ತಾಳೆ. ಅವಳು "ಅಜ್ಜೀ" ಎಂದು ಕೂಗಿದರೆ ಸ್ಟೇಶನ್ನಿನ ತನಕ ಕೇಳಿಸಬೇಕು. ಇಂಥ ಸುಖ ನನಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ! ನಾನಿನ್ನೂ ಇಲ್ಲೇ ಇದ್ದೇನೆ. ನಮ್ಮೂರಿನವರೇ, ನೀವು ಆಡಿಕೊಳ್ಳುವುದು ನನ್ನ ಕಿವಿಗೆ ಬಿದ್ದಿದೆ. ಗಂಡ ಸತ್ತ ಮೇಲೆ ಅಣ್ಣನ ಮನೆ ಇದ್ದೂ ಮಗಳ ಮನೆಯ ಅನ್ನ ತಿನ್ನುತ್ತಾಳಂತೆ. ಹೌದು, ತಿನ್ನುತ್ತೇನೆ. ಮೂರು ಹೊತ್ತೂ ತಿನ್ನುತ್ತೇನೆ. ಅನ್ನ ಕಡಿಮೆ, ಜೋಳದ ರೊಟ್ಟಿ ಜಾಸ್ತಿ.

ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮನೆ ರೈಲು ಹಳಿಯ ಪಕ್ಕ, ಎರಡು ಕೋಣೆ. ಅಳಿಯ ರೈಲ್ವೆಯಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಕಡೆ ಇನ್ನೂ ರೈಲೇ ಬಂದಿಲ್ಲ. ಇಲ್ಲಿ ಗಾಡಿ ಹೋದರೆ ಗೂಡಿನಲ್ಲಿಟ್ಟ ಲೋಟ ಕುಣಿಯುತ್ತದೆ. ಮೊದಲ ದಿನಗಳಲ್ಲಿ ಮಧ್ಯಾಹ್ನ ಗಾಡಿಯೂ ಇಲ್ಲದೆ, ಸಮುದ್ರದ ಸದ್ದೂ ಇಲ್ಲದೆ ಕಿವಿಯೇ ನೋಯುತ್ತಿತ್ತು. ಅಳು ಬರುತ್ತಿತ್ತು. ಆಗ ಕೈ ಹಿಡಿದವಳು ಪಕ್ಕದ ಮನೆಯ ಮಾಬುಬಿ. ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅವಳದು. "ಬರ್ರಿ, ಕುಂದ್ರಿ, ಉಣ್ರಿ" ಎಂದು ಅವಳು ಕರೆಯುವ ದನಿ ಎಷ್ಟು ಜೋರೆಂದರೆ, ಹದಿನೈದು ದಿನ ನಾನು ಬೈಯುತ್ತಿದ್ದಾಳೆಂದೇ ತಿಳಿದಿದ್ದೆ. ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ನನ್ನ ಮೊದಲ ರೊಟ್ಟಿ ನೋಡಿ, "ಇದೇನ್ರಿ ಅಜ್ಜಿ, ಗೋವಾ ನಕಾಶ ಮಾಡೀರಿ?" ಎಂದಳು. ಈಗ ನನ್ನ ರೊಟ್ಟಿ ಚಂದ್ರನ ಹಾಗೆ ಬರುತ್ತದೆ. ಬೇಕಾದರೆ ಬಂದು ನೋಡಿ.

ಕ್ಯಾಮೆರಾ ಅಳಿಯನದು, ಟ್ರಂಕಿನ ತಳದಲ್ಲಿ ಬಿದ್ದಿತ್ತು. ರೀಲಿಗೆ ಹನ್ನೆರಡೇ ಫೋಟೋ. "ಮಗುವಿನ ಫೋಟೋ ತೆಗೀರಿ ಅತ್ತೆ" ಎಂದು ಕೊಟ್ಟ. ಎರಡು ತೆಗೆದೆ. ಉಳಿದ ಹತ್ತು ಹಿಡಿದುಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಒಂದು ಕಡೆ ಹಾವೇರಿ, ಇನ್ನೊಂದು ಕಡೆ ರಾಣೆಬೆನ್ನೂರು. ಬೇಸಿಗೆಯಲ್ಲಿ ಹಾವೇರಿ ಕೋರ್ಟಿನ ಎದುರು ಒಬ್ಬ ವಕೀಲರು ಕರಿ ಕೋಟು ಸಮೇತ ನಲ್ಲಿಯ ಕೆಳಗೆ ತಲೆ ಒಡ್ಡಿದ್ದರು; ತೆಗೆದೆ. ಮೊದಲ ಮಳೆಗೆ ರಾಣೆಬೆನ್ನೂರಿನಲ್ಲಿ ಒಂದು ಎತ್ತು ಬಟ್ಟೆ ಅಂಗಡಿಯೊಳಗೆ ನಿಂತಿತ್ತು, ಅಂಗಡಿಯವರು ಅದರ ಬೆನ್ನ ಮೇಲೇ ಸೀರೆ ಹರವಿ ಗಿರಾಕಿಗೆ ತೋರಿಸುತ್ತಿದ್ದರು, ತೆಗೆದೆ. ದೇವರಗುಡ್ಡಕ್ಕೆ ಹೊರಟ ಗೊರವಯ್ಯ, ಕರಿ ಕಂಬಳಿ ಹೊದ್ದ ಮೈಲಾರನ ಭಕ್ತ, ಪ್ಲಾಟ್‌ಫಾರ್ಮಿನಲ್ಲಿ ಐಸ್‌ಕ್ಯಾಂಡಿ ಚೀಪುತ್ತ ನಿಂತಿದ್ದ. ನನ್ನನ್ನು ನೋಡಿ ಕ್ಯಾಂಡಿಯನ್ನು ಕಂಬಳಿಯೊಳಗೆ ಅಡಗಿಸಿದ. ಅದು ಒಳಗೆ ಕರಗಿ ಅವನು ಕುಣಿದಾಗ ತೆಗೆದೆ.

"ಮುದುಕಿಗೆ ಯಾಕೆ ಈ ಉಸಾಬರಿ?" ಎಂದವರಿದ್ದಾರೆ. ಮುದುಕಿಗೇ ಬೇಕು. ನಮ್ಮ ಕಡೆ ಮುದುಕರ ಫೋಟೋ ತೆಗೆಸುವುದು ಗೋಡೆಗೆ ಹಾಕಿ ಹಾರ ಹಾಕಲಿಕ್ಕೆ. ನಾನು ಕ್ಯಾಮೆರಾದ ಈಚೆ ಕಡೆ ನಿಂತುಕೊಂಡೆ.

ಮರುವರ್ಷದ ಸುಗ್ಗಿಯಲ್ಲಿ ಯಾರ್ಡಿನ ರಾಶಿಗಳ ನಡುವೆ ಕೂತ ಮಾಬುಬಿಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಕಪ್ಪು ಬಿಳುಪಿನ ರೀಲು. ಅಣ್ಣನ ಪತ್ರ ಬಂತು. "ಇದ್ದಿಲ ರಾಶಿಯ ನಡುವೆ ಯಾಕೆ ಇದ್ದೀ? ನಿನಗೊಂದು ಕೋಣೆ ಇದೆ ಇಲ್ಲಿ. ಮಗಳ ಮನೆಯಲ್ಲಿ ಕೂತು ನನ್ನ ಮುಖಕ್ಕೆ ಮಸಿ ಬಳಿದದ್ದು ಸಾಕು. ಬಿತ್ತನೆ ಕಾಲ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ."

ಇದ್ದಿಲಂತೆ! ಸಿಟ್ಟಿನಲ್ಲಿ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಒಂದು ಸ್ಟುಡಿಯೋದಲ್ಲಿ ಒಬ್ಬ ಹಿರಿಯರು ಕಪ್ಪು ಬಿಳುಪು ಫೋಟೋಕ್ಕೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಮದುಮಗಳ ತುಟಿಗೆ ಕೆಂಪು, ಸೀರೆಗೆ ಹಸಿರು. ಯಾರ್ಡಿನ ಫೋಟೋದ ಇನ್ನೊಂದು ಪ್ರತಿ ಕೊಟ್ಟೆ, ನೋಡಿ ಕನ್ನಡಕ ತೆಗೆದಿಟ್ಟರು.

"ಯವ್ವಾ, ತುಟಿಗೆ ಹಚ್ಚೂ ಬಣ್ಣ ಇಡೀ ಯಾರ್ಡಿಗೆ ಹಚ್ಚಂತೀಯಲ್ಲ!"

"ಹಚ್ಚಿ. ಎಷ್ಟು ದಿನ ಆದರೂ ಆಗಲಿ."

"ನನ್ನ ಕಣ್ಣ ಹೋಗ್ತಾವು. ನೀನ ಹಚ್ಚಿಕೋ, ನಾ ತೋರಸ್ತೇನಿ."

ಕಡ್ಡಿಗೆ ಹತ್ತಿ ಸುತ್ತಿ, ಬಣ್ಣದಲ್ಲಿ ಅದ್ದಿ, ಉಜ್ಜಿ ಉಜ್ಜಿ ಹಚ್ಚಬೇಕು. ನಾಲ್ಕು ಸಲ ಗಾಡಿ ಹತ್ತಿ ಹೋಗಿ ಹಚ್ಚಿದೆ. ಮಾಬುಬಿಯ ಮೂಗಿಗೂ ಸ್ವಲ್ಪ ಹತ್ತಿತು. ಆದರೆ ನೆಲ ಮಾತ್ರ ನಾನು ಮೊದಲ ದಿನ ಕಂಡಷ್ಟೇ ಕೆಂಪಾಯಿತು.

ಶ್ರಾವಣದಲ್ಲಿ ಅಣ್ಣ ಬಂದ. ಚಪ್ಪಲಿ ಬಿಡುವ ಮೊದಲೇ ಫೋಟೋ ಕೈಗೆ ಕೊಟ್ಟೆ. ಹತ್ತಿರ ಹಿಡಿದ, ದೂರ ಹಿಡಿದ.

"ಬಣ್ಣ ಬಳಿದಿದ್ದಿ ನೀನು. ಇಷ್ಟು ಕೆಂಪು ನೆಲ ಎಲ್ಲಿರ್ತದೆ ಮಾರಾಯ್ತಿ? ಇಲ್ಲಿ ಉಳಿಯಲಿಕ್ಕೆ ಎಂತೆಂತಾ ಸುಳ್ಳು ಹೇಳ್ತೆ!"

ಬಾಗಿಲಲ್ಲಿ ನಿಂತಿದ್ದ ಮಾಬುಬಿ ಬಿಡಲಿಲ್ಲ. "ಕಡಿಮಿ ಹಚ್ಚ್ಯಾರ್ರಿ ಯಜಮಾನ್ರ. ಖರೇ ಬಣ್ಣ ನೋಡಿದ್ರ ನಿಮ್ಮ ಕಣ್ಣಾಗ ನೀರ ಬರ್ತಾವ."

ಅಣ್ಣನನ್ನು ಯಾರ್ಡಿಗೇ ಕರೆದುಕೊಂಡು ಹೋದೆ. ನನ್ನ ದುರದೃಷ್ಟ, ಸುಗ್ಗಿ ಮುಗಿದು ತಿಂಗಳುಗಳಾಗಿದ್ದವು. ಅಂಗಳದಲ್ಲಿ ಮೇಕೆಗಳು ಓಡಾಡುತ್ತಿದ್ದವು. ಮೂಲೆಯಲ್ಲಿ ಮಾತ್ರ ಕೋಲ್ಡ್ ಸ್ಟೋರೇಜಿನಿಂದ ತೆಗೆದ ಒಂದಿಷ್ಟು ಮೆಣಸಿನಕಾಯಿ ಹರವಿದ್ದರು. ಹಮಾಲರು, "ಫೋಟೋ ಅಜ್ಜಿ ಬಂದ್ಲು, ತಲಿ ಬಾಚಿಕೊಳ್ರಲೇ" ಎಂದು ಕೂಗಿದರು. ಅಣ್ಣ ಅದನ್ನು ಕೇಳಿಯೂ ಕೇಳದವನಂತೆ, "ನೋಡು, ಎಂತದೂ ಇಲ್ಲ ಇಲ್ಲಿ. ನಾಳೆ ಬೆಳಿಗ್ಗೆ ಹೊರಡುವ. ಊರವರ ಎದುರು ತಲೆ ಎತ್ತಲಿಕ್ಕಾಗ್ತಿಲ್ಲ ನನಗೆ" ಎಂದ.

ನನಗೂ ತಡೆಯಲಿಲ್ಲ. "ನಾನು ಹೆತ್ತವಳ ಮನೆಯಲ್ಲಿ ಉಂಡರೆ ನಾಚಿಕೆ, ಅತ್ತಿಗೆ ಬಡಿಸಿದ್ದು ಉಂಡರೆ ಮರ್ಯಾದೆ. ಇದು ಯಾವ ಊರಿನ ಕಾನೂನು ಅಣ್ಣ? ನೀನು ಸಿಟ್ಟು ಮಾಡಿದರೂ ಸೈ, ಮಾತು ಬಿಟ್ಟರೂ ಸೈ, ನಾನು ಬರುವುದಿಲ್ಲ."

ಅವನು ಉತ್ತರ ಕೊಡಲು ಬಾಯಿ ತೆರೆದ, ದಪ್ಪ ಹನಿಗಳು ಬಿದ್ದವು. ಹಮಾಲರು ತಾಡಪತ್ರಿ ಎಳೆಯಲು ಓಡಿದರು. ಉಪ್ಪಿನ ಆಗರದಲ್ಲಿ ನಲವತ್ತು ವರ್ಷ ಅಕಾಲದ ಮಳೆಗೆ ಓಡಿದ ಕಾಲು ಅಣ್ಣನದು, ನಿಲ್ಲುತ್ತದೆಯೇ? ಪಂಚೆ ಎತ್ತಿ ಕಟ್ಟಿ ಅವನೂ ಓಡಿದ. "ಆ ತುದಿ ಹಿಡಿ! ಮೊದಲು ತಗ್ಗಿನ ಬದಿ ಮುಚ್ಚು!" ಎಂದು ಯಾರದೋ ಊರಿನಲ್ಲಿ ಯಾರದೋ ಕಾಯಿಗೆ ಕೂಗಾಡಿದ. ಹಮಾಲರು ಅವನ ಮಾತು ಕೇಳಿದರು ಕೂಡ. ಹೊರಗುಳಿದ ಕಾಯಿಯನ್ನೆಲ್ಲ ಎರಡೂ ಕೈಯಿಂದ ಬಾಚಿ ಒಳಗೆ ತಳ್ಳಿದ. ಎದ್ದು ನಿಂತು ಅಂಗೈ ನೋಡಿಕೊಂಡ. ಎರಡೂ ಕೆಂಪು. ನೋಡುತ್ತ ನೋಡುತ್ತ, ಹೊಸಬರೆಲ್ಲ ಮಾಡುವ ತಪ್ಪು ಮಾಡಿದ; ಮಳೆನೀರು ಒರೆಸಲು ಕಣ್ಣು ಉಜ್ಜಿಕೊಂಡ.

"ಅಯ್ಯೋ ಸತ್ತೆ!" ಎಂದು ನಮ್ಮಣ್ಣ, ಅಪ್ಪ ಸತ್ತಾಗಲೂ ಅಳದವನು, ಯಾರ್ಡಿನ ನಡುವೆ ಗೊಳೋ ಎಂದು ಅಳುತ್ತ ನಿಂತ. ನಾನೇನು ಮಾಡಿದೆ ಅನ್ನುತ್ತೀರಿ? ಸೆರಗಿನಡಿ ಕ್ಯಾಮೆರಾ ಇತ್ತು. ತೆಗೆದೆ. ಆಮೇಲೆ ಮಾಬುಬಿಯ ಮನೆಗೆ ಕೈ ಹಿಡಿದು ನಡೆಸಿಕೊಂಡು ಹೋದೆ. ಅವಳು ಚೊಂಬುಗಟ್ಟಲೆ ನೀರು ಸುರಿದಳು. "ನಾ ಹೇಳಿದ್ದಿಲ್ಲೇನ್ರಿ, ನೀರ ಬರ್ತಾವಂತ?" ಎಂದಳು. ಅಣ್ಣನಿಗೆ ಅಳುವಿನ ನಡುವೆಯೇ ನಗು ಬಂತು. ಸುಮಾ ತನ್ನ ಲಂಗದ ತುದಿಯಿಂದ ಅವನ ಮುಖ ಒರೆಸಿದಳು. ಅವನು ಬಗ್ಗಿ ಮುಖ ಒಡ್ಡಿದ. ಅವತ್ತು ಮಧ್ಯಾಹ್ನ ಅಳಿಯನ ಪಕ್ಕ ಕೂತು ನನ್ನ ಕೈಯ ರೊಟ್ಟಿ ಮೂರು ತಿಂದ. ನನ್ನನ್ನು ಊರಿಗೆ ಕರೆದೊಯ್ಯುವ ಮಾತನ್ನು ಆಮೇಲೆ ಎತ್ತಲಿಲ್ಲ.

ಮರುದಿನ ಅವನನ್ನು ಬಿಡಲು ಹಾವೇರಿಯ ತನಕ ಹೋದೆ. ಶಿರಸಿಯ ಬಸ್ಸು ನಿಂತಿತ್ತು. ಕಣ್ಣು ಇನ್ನೂ ಊದಿತ್ತು ಅವನಿಗೆ. ಕಿಟಕಿಯಿಂದ ಬಗ್ಗಿ, ನನ್ನ ಮುಖ ನೋಡದೆ ಕೇಳಿದ.

"ಹಾಗಾದರೆ ನಿನ್ನ ಕೋಣೆಯಲ್ಲಿ ಉಪ್ಪಿನ ಚೀಲ ಇಡಲಾ? ಮಳೆಗಾಲದಲ್ಲಿ ಜಾಗ ಸಾಲ್ತಿಲ್ಲ."

ಇಡೀ ಊರಿಗೆ ಎದುರು ನಿಂತವಳು ನಾನು, ಆ ಮಾತಿಗೆ ತಯಾರಿರಲಿಲ್ಲ. ನಾನು ಹುಟ್ಟಿದ ಕೋಣೆ ಅದು. ಸಂಜೆ ಕಿಟಕಿ ತೆರೆದರೆ ಆಗರದ ನೀರಿನ ಬೆಳಕು ಅದರ ಚಾವಣಿಯ ಮೇಲೆ ಓಡಾಡುತ್ತದೆ. ಇಡು ಎಂದರೆ ಮುಗಿಯಿತು. ಬೇಡ ಎಂದರೆ, ಬರುವವಳು ಎಂದಾಯಿತು. ಡ್ರೈವರ್ ಇಂಜಿನ್ ಚಾಲೂ ಮಾಡಿದ.

"ಅರ್ಧಕ್ಕೆ ಇಡು," ಎಂದು ಬಸ್ಸಿನ ಜೊತೆ ನಡೆಯುತ್ತ ಕೂಗಿದೆ. "ಕಿಟಕಿ ಕಡೆಯ ಅರ್ಧ ಖಾಲಿ ಬಿಡು."